ಓಟಗಾರನ ಬೆಲೆ ಕಟ್ಟುವುದು ಹೇಗೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವಚಿಕೊಂಡು, ಎದುರಾಳಿಗಳ ಗುಂಪನ್ನು ಭೇದಿಸಿ ಮುನ್ನುಗ್ಗುವ ಆಟ ಅದು. ಸೆಪ್ಟೆಂಬರಿನಲ್ಲಿ ಆಟದ ಋತು ಆರಂಭವಾಯಿತೆಂದರೆ ಅಲ್ಲಿಯ ಊರೂರುಗಳಲ್ಲಿ ಒಂದು ಚರ್ಚೆ ತಪ್ಪದೆ ತಲೆಯೆತ್ತುತ್ತದೆ: ‘ನಮ್ಮ ತಂಡದ ಮೊದಲ ಓಟಗಾರನು ಆ ಸ್ಥಾನಕ್ಕೆ ತಕ್ಕವನೇ, ಅಲ್ಲವೇ?’ ಚೆಂಡನ್ನು ಹಿಡಿದು ಓಡುವುದೇ ಮುಖ್ಯ ಕೆಲಸವಾಗಿರುವ ಈ ಆಟಗಾರನಿಗೆ ‘ರನ್ನಿಂಗ್ ಬ್ಯಾಕ್’ ಎಂದು ಹೆಸರು. ಅವನ ಆಟದ ಆಯುಷ್ಯ ಬಹಳ ಚಿಕ್ಕದು. ಪ್ರತಿ ಓಟವೂ ಒಂದು ಡಿಕ್ಕಿಯಲ್ಲಿ ಮುಗಿಯುವುದರಿಂದ ದೇಹ ಬೇಗ ಸವೆಯುತ್ತದೆ. ಆದುದರಿಂದ ಒಂದೆರಡು ವರ್ಷಗಳ ಅಂಕಿಗಳನ್ನು ನೋಡಿ ಜನ ಕೊಡುವ ತೀರ್ಪು ಅವನ ಪಾಲಿಗೆ ಹರಟೆಯ ಮಾತಾಗಿ ಉಳಿಯುವುದಿಲ್ಲ. ಅವನ ಸಂಬಳ, ಕೆಲಸ ಎರಡೂ ಅದನ್ನು ಅವಲಂಬಿಸಿರುತ್ತವೆ.

ಭೌತವಿಜ್ಞಾನದ ವಿದ್ಯಾರ್ಥಿಗೆ ಈ ಚರ್ಚೆಯಲ್ಲಿ ಕುತೂಹಲ ಹುಟ್ಟಲು ಬೇರೊಂದು ಕಾರಣವುಂಟು. ಇದು ಮೂಲತಃ ಮಾಪನದ ಪ್ರಶ್ನೆ. ಉಪಕರಣದಿಂದ ಒಂದು ಸಂಖ್ಯೆ ದೊರೆತಾಗ ನಾವು ಎರಡು ಸಂಗತಿಗಳನ್ನು ಕೇಳಬೇಕು: ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ನಾವು ಅಳೆಯಬೇಕೆಂದಿದ್ದ ವಸ್ತುವನ್ನೇ ಅದು ಅಳೆಯುತ್ತಿದೆಯೇ?

ಆಟದ ನಿಯಮಗಳನ್ನು ಚುಟುಕಾಗಿ ಹೇಳಿಬಿಡೋಣ. ಒಂದೊಂದು ಪಕ್ಷದಲ್ಲಿ 11 ಮಂದಿ. ಚೆಂಡು ಯಾರ ವಶದಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಯತ್ನಗಳು. ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ. ಮುಂಚೂಣಿಯಲ್ಲಿ ನಿಂತ ಐವರು ದೈತ್ಯರು ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸುತ್ತಾರೆ. ಅವರ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರಕ್ಕೆ ಎಸೆಯಬಹುದು, ಇಲ್ಲವೆ ಓಟಗಾರನ ಕೈಗೆ ಕೊಡಬಹುದು. ಓಟಗಾರನು ಕೆಡವಲ್ಪಡುವ ತನಕ ಎಷ್ಟು ಗಜ ಮುಂದೆ ಸಾಗಿದನೋ ಅಷ್ಟು ಅವನ ಖಾತೆಗೆ ಸೇರುತ್ತದೆ. ಒಟ್ಟು ಗಜಗಳನ್ನು ಓಟಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬಂತು. ಈಚಿನ ವರ್ಷಗಳಲ್ಲಿ ಅಲ್ಲಿಯ ರಾಷ್ಟ್ರೀಯ ಲೀಗಿನ ಒಟ್ಟು ಸರಾಸರಿ ಓಟಕ್ಕೆ 4.3 ಗಜದ ಆಸುಪಾಸಿನಲ್ಲಿದೆ. ‘ತಕ್ಕವನೇ?’ ಎಂಬ ಪ್ರಶ್ನೆಗೆ ಹೆಚ್ಚಿನವರು ಉತ್ತರ ಹುಡುಕುವುದು ಈ ಒಂದು ಸಂಖ್ಯೆಯಲ್ಲಿ.

ಸೇಕ್ವಾನ್ ಬಾರ್ಕ್ಲಿ ಎಂಬ ಓಟಗಾರನ ನಿದರ್ಶನವನ್ನು ತೆಗೆದುಕೊಳ್ಳೋಣ. 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿದ ಮೊದಲ ವರ್ಷವೇ ಅವನು 261 ಓಟಗಳಲ್ಲಿ 1307 ಗಜ ಸಾಗಿದನು, ಸರಾಸರಿ 5.0. ಬಳಿಕ 2020ರಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟಾಯಿತು. 2023ರಲ್ಲಿ 247 ಓಟಗಳಲ್ಲಿ 962 ಗಜ, ಸರಾಸರಿ 3.9. ಇವನ ಕಾಲ ಮುಗಿಯಿತೆಂದು ಅನೇಕರು ನುಡಿದರು. ಜೈಂಟ್ಸ್ ತಂಡವು ಅವನನ್ನು ಉಳಿಸಿಕೊಳ್ಳಲಿಲ್ಲ. 2024ರ ಮಾರ್ಚಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡವು ಮೂರು ವರ್ಷಗಳಿಗೆ 3 ಕೋಟಿ 77 ಲಕ್ಷ ಡಾಲರುಗಳಿಗೂ ಮಿಗಿಲಾದ ಕರಾರಿನಿಂದ ಅವನನ್ನು ಕರೆದುಕೊಂಡಿತು. ಆ ಋತುವಿನಲ್ಲಿ ಅವನು 345 ಓಟಗಳಲ್ಲಿ 2005 ಗಜ ಸಾಗಿದನು, ಸರಾಸರಿ 5.8! ಒಂದೇ ವರ್ಷದ ಅಂತರದಲ್ಲಿ, ಒಂದೇ ಮನುಷ್ಯನ ಮೇಲೆ ಮಾಡಿದ ಒಂದೇ ಮಾಪನ ಇಷ್ಟು ಬೇರೆಯಾದುದು ಹೇಗೆ?

ಮೊದಲು ಆಕಸ್ಮಿಕದ ಪಾಲನ್ನು ವಿಚಾರಿಸೋಣ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಒಂದೇ ಆಂದೋಲನದ ಕಾಲವನ್ನು ಅಳೆದು ಯಾರೂ ತೃಪ್ತರಾಗುವುದಿಲ್ಲವಷ್ಟೆ. ಬಾರಿ ಬಾರಿಗೂ ಬೆಲೆ ತುಸು ಏರುಪೇರಾಗುತ್ತದೆ. ಹಲವು ಬಾರಿ ಅಳೆದು ಸರಾಸರಿ ತೆಗೆದರೆ ಏರುಪೇರು ತಗ್ಗುತ್ತದೆ. ಆದರೆ ಲೋಲಕವು ಓಟಗಾರನಿಗಿಂತ ಎಷ್ಟೋ ಸಾಧು ಪ್ರಾಣಿ! ಓಟಗಳ ಏರುಪೇರು ಎಂಥದೆಂಬುದನ್ನು ಬಾರ್ಕ್ಲಿಯ ಎರಡು ಪಂದ್ಯಗಳೇ ತೋರಿಸುತ್ತವೆ. ಎರಡೂ ಲಾಸ್ ಏಂಜಲಿಸ್ ರಾಮ್ಸ್ ತಂಡದ ಎದುರಿನವು, ಎರಡರಲ್ಲಿಯೂ 26 ಓಟಗಳು. 2024ರ ನವೆಂಬರ್ 24ರಂದು ಅವನು 255 ಗಜ ಸಾಗಿದನು. 2025ರ ಜನವರಿ 19ರಂದು 205 ಗಜ. ಸರಾಸರಿಗಳು 9.8 ಮತ್ತು 7.9; ಎರಡೂ ಅಸಾಧಾರಣವೇ. ಈಗ ಪ್ರತಿ ಪಂದ್ಯದಿಂದಲೂ ಅತಿ ಉದ್ದವಾದ ಎರಡೆರಡು ಓಟಗಳನ್ನು ತೆಗೆದುಬಿಡಿ: ಮೊದಲನೆಯದರಲ್ಲಿ 70 ಮತ್ತು 72 ಗಜಗಳವು, ಎರಡನೆಯದರಲ್ಲಿ 62 ಮತ್ತು 78 ಗಜಗಳವು. ಉಳಿದ 24 ಓಟಗಳ ಸರಾಸರಿ ಮೊದಲ ಪಂದ್ಯದಲ್ಲಿ 4.7 ಗಜ, ಎರಡನೆಯದರಲ್ಲಿ ಕೇವಲ 2.7 ಗಜ. ಆ ಎರಡು ಓಟಗಳನ್ನು ಬಿಟ್ಟುಬಿಡಬೇಕೆಂದು ನನ್ನ ವಾದವಲ್ಲ. ಪಂದ್ಯವನ್ನು ಗೆಲ್ಲಿಸುವವು ಅಂಥವೇ. ಆದರೆ ಸರಾಸರಿಯೆಂಬುದು ಇಂಥ ಬೆರಳೆಣಿಕೆಯ ಓಟಗಳ ಮೇಲೆ ಎಷ್ಟು ನಿಂತಿದೆಯೆಂಬುದನ್ನು ಮರೆಯಬಾರದು.

ಒಂದು ಓಟದ ಮಾನಕ ವಿಚಲನೆ ಸುಮಾರು 6 ಗಜವೆಂದು ಹಿಡಿಯೋಣ. ಎಂದರೆ ಸರಾಸರಿಯ ಬೆಲೆಗಿಂತಲೂ ಏರುಪೇರೇ ದೊಡ್ಡದು. ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆಯನ್ನು ತಿಳಿಯಲು ಈ 6ನ್ನು ಓಟಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. 25 ಓಟಗಳಿಗೆ ಅದು 1.2 ಗಜ, 100 ಓಟಗಳಿಗೆ 0.6, ಒಂದು ಋತುವಿನ 247 ಓಟಗಳಿಗೆ ಸುಮಾರು 0.4. ಓಟಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ಅನಿಶ್ಚಿತತೆ ಅರ್ಧಕ್ಕಷ್ಟೇ ಇಳಿಯುತ್ತದೆಂಬುದನ್ನು ಗಮನಿಸಿ. ಹೀಗಾಗಿ ಎರಡು ಮೂರು ಪಂದ್ಯಗಳಾದೊಡನೆ ‘ಇವನನ್ನು ಕೂರಿಸಿ, ಅವನನ್ನು ಆಡಿಸಿ’ ಎಂದು ಕೂಗುವುದಕ್ಕೆ ಗಣಿತದ ಆಧಾರ ಬಹುಮಟ್ಟಿಗೆ ಇರುವುದಿಲ್ಲ. ಅಷ್ಟೇ ಏಕೆ, 2023ರಲ್ಲಿ ಬಾರ್ಕ್ಲಿಯ 3.9ಕ್ಕೂ ಲೀಗಿನ 4.3ಕ್ಕೂ ಇದ್ದ ಅಂತರ 0.4 ಗಜ. ಇಡೀ ಋತುವಿನ ಅನಿಶ್ಚಿತತೆಯೂ ಅಷ್ಟೇ. ಅವನು ಸಾಮಾನ್ಯನಿಗಿಂತ ಕೀಳು ಎಂಬ ತೀರ್ಪಿಗೆ ಆ ಅಂತರವೊಂದೇ ಸಾಕ್ಷಿಯಾಗಲಾರದು.

ಆದರೆ 3.9ರಿಂದ 5.8ಕ್ಕೆ ಆದ ಏರಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಎರಡು ಋತುಗಳ ಅನಿಶ್ಚಿತತೆಗಳನ್ನು ಕೂಡಿಸಿದರೆ (ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು) ಸುಮಾರು 0.5 ಗಜವಾಗುತ್ತದೆ, ಏರಿಕೆಯಾದರೋ 1.9 ಗಜ, ಅದರ ನಾಲ್ಕು ಪಟ್ಟಿಗೆ ಸಮೀಪ. ನಿಜವಾಗಿಯೂ ಏನೋ ಬದಲಾಗಿರಬೇಕು. 2023ರಲ್ಲಿ ಕಣಕಾಲಿನ ಪೆಟ್ಟಿನಿಂದ ಅವನು ಮೂರು ಪಂದ್ಯಗಳನ್ನು ಕಳೆದುಕೊಂಡಿದ್ದನು. ಆ ನೋವಿಗೂ ಒಂದು ಪಾಲು ಸಲ್ಲಲಿ. ಆದರೆ 27ನೆಯ ವಯಸ್ಸಿನಲ್ಲಿ ಯಾವ ಓಟಗಾರನೂ ಹಠಾತ್ತನೆ ಒಂದೂವರೆ ಪಟ್ಟು ಬಲಿಷ್ಠನಾಗುವುದಿಲ್ಲ. ಬದಲಾದುದು ಮುಖ್ಯವಾಗಿ ಅವನ ಸುತ್ತಲಿನ ಹತ್ತು ಮಂದಿ. ಇತರರು ಮಾಡಿದ ಕೆಲಸವು ಓಟಗಾರನ ಖಾತೆಗೆ ಹೇಗೆ ಸೇರಿಹೋಗುತ್ತದೆಂಬುದನ್ನು ಚಲನೆಯ ನಿಯಮಗಳಿಂದಲೇ ತಿಳಿಯಬಹುದು.

2018ರಲ್ಲಿ ನಡೆದ ಪರೀಕ್ಷೆಯಲ್ಲಿ ಬಾರ್ಕ್ಲಿಯ ತೂಕ 233 ಪೌಂಡು, ಎಂದರೆ 106 ಕಿಲೋಗ್ರಾಂ. 40 ಗಜದ ದೂರವನ್ನು ಅವನು 4.40 ಸೆಕೆಂಡುಗಳಲ್ಲಿ ಓಡಿದನು. ಸರಾಸರಿ ವೇಗ ಸೆಕೆಂಡಿಗೆ 8.3 ಮೀಟರು. ಆಟದ ಇಕ್ಕಟ್ಟಿನಲ್ಲಿ ಆ ವೇಗ ದೊರೆಯುವುದು ಅಪರೂಪ. ಅವನು ನಿಂತ ನಿಲುವಿನಿಂದ ಹೊರಟು, ಸೆಕೆಂಡು ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 3 ಮೀಟರಿನಂತೆ ಹೆಚ್ಚಿಸಿಕೊಳ್ಳುತ್ತಾನೆಂದು ಭಾವಿಸೋಣ. ಒಂದೂವರೆ ಮೀಟರು ಸಾಗುವಷ್ಟರಲ್ಲಿ ಅವನ ವೇಗ 3 ಮೀಟರು. 6 ಮೀಟರು ಸಾಗುವಷ್ಟರಲ್ಲಿ 6 ಮೀಟರು. ಎದುರಿನಿಂದ 100 ಕಿಲೋಗ್ರಾಮಿನ ರಕ್ಷಕನೊಬ್ಬನು ಸೆಕೆಂಡಿಗೆ 4 ಮೀಟರಿನ ವೇಗದಲ್ಲಿ ಬಂದು ಅವನನ್ನು ತಬ್ಬಿ ಹಿಡಿಯುತ್ತಾನೆ. ಡಿಕ್ಕಿಯ ಬಳಿಕ ಇಬ್ಬರೂ ಒಂದೇ ವಸ್ತುವಿನಂತೆ ಚಲಿಸುತ್ತಾರೆ. ಸಂವೇಗ ಮಾತ್ರ ಮೊದಲಿದ್ದಷ್ಟೇ ಇರಬೇಕು.

ಓಟಗಾರನ ವೇಗ 6 ಮೀಟರಾಗಿದ್ದರೆ ಅವನ ಸಂವೇಗ 636, ರಕ್ಷಕನದು ವಿರುದ್ಧ ದಿಕ್ಕಿನಲ್ಲಿ 400. ಉಳಿದ 236ನ್ನು ಇಬ್ಬರ ಒಟ್ಟು 206 ಕಿಲೋಗ್ರಾಂಗಳಿಂದ ಭಾಗಿಸಿದರೆ ಸೆಕೆಂಡಿಗೆ 1.15 ಮೀಟರಿನ ಮುನ್ನಡೆಯ ವೇಗ ದೊರೆಯುತ್ತದೆ. ನೆಲಕ್ಕೆ ಬೀಳಲು 0.8 ಸೆಕೆಂಡು ಹಿಡಿದರೂ ಓಟಗಾರನು ಹೆಚ್ಚುಕಡಿಮೆ ಒಂದು ಗಜವನ್ನು ಹೆಚ್ಚಾಗಿ ಗಳಿಸಿರುತ್ತಾನೆ. ಅವನ ವೇಗ 3 ಮೀಟರಾಗಿದ್ದರೆ? ಸಂವೇಗ 318 ಮಾತ್ರ. ರಕ್ಷಕನದೇ ಮೇಲುಗೈಯಾಗಿ ಇಬ್ಬರೂ ಹಿಂದಕ್ಕೆ ಸರಿಯುತ್ತಾರೆ. ಕಾಲಿನಿಂದ ನೆಲವನ್ನೊದೆದು ಪಡೆಯುವ ಬಲವನ್ನು ನಾನಿಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೂ ಮುಖ್ಯಾಂಶವು ಕೆಡುವುದಿಲ್ಲ. ಮನುಷ್ಯನೂ ಒಬ್ಬನೇ, ರಕ್ಷಕನೂ ಒಬ್ಬನೇ. ವ್ಯತ್ಯಾಸವೆಲ್ಲ ಡಿಕ್ಕಿಗೆ ಮುಂಚೆ ಓಡಲು ದೊರೆತ ನಾಲ್ಕೂವರೆ ಮೀಟರು ತೆರವಿನಲ್ಲಿದೆ. ಆ ತೆರವನ್ನು ಮಾಡಿಕೊಟ್ಟವರು ಮುಂಚೂಣಿಯ ಐವರು. ಹೀಗಿರುವಾಗ ‘ಪೆಟ್ಟು ತಗಲಿದ ಮೇಲೂ ಮುನ್ನುಗ್ಗುತ್ತಾನೆ’ ಎಂದು ಹೊಗಳಿಸಿಕೊಳ್ಳುವವನು ಓಟಗಾರನೊಬ್ಬನೇ!

ಈಗಲ್ಸ್ ತಂಡದ ಮುಂಚೂಣಿ 2024ರಲ್ಲಿ ಲೀಗಿನಲ್ಲೆಲ್ಲ ಹೆಸರಾಗಿತ್ತು. ಅದರ ಎಡತುದಿಯಲ್ಲಿ ನಿಲ್ಲುತ್ತಿದ್ದ ಜಾರ್ಡನ್ ಮೈಲಾಟ ಎಂಬವನು ಆಸ್ಟ್ರೇಲಿಯದವನು. ಎತ್ತರ 6 ಅಡಿ 8 ಅಂಗುಲ. 2018ರಲ್ಲಿ ಆಯ್ಕೆಯಾಗುವ ಮುನ್ನ ಅವನು ಆಡಿದ್ದುದು ರಗ್ಬಿ, ಈ ಆಟವನ್ನಲ್ಲ. ಇದಲ್ಲದೆ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ತಾನೇ ಚೆಂಡು ಹಿಡಿದು ಓಡಬಲ್ಲವನು. ಚೆಂಡು ಯಾರ ಕೈಯಲ್ಲಿದೆಯೆಂದು ರಕ್ಷಕನೊಬ್ಬನು ಅರೆ ಸೆಕೆಂಡು ಅನುಮಾನಿಸಿದರೆ ಮೇಲಿನ ಲೆಕ್ಕದಲ್ಲಿ ಅವನ 4 ಮೀಟರಿನ ವೇಗ ಎರಡಕ್ಕಿಳಿಯಿತೆಂದೇ ಅರ್ಥ.

ಹಾಗಾದರೆ ಓಟಗಾರನ ಸ್ವಂತ ಪಾಲನ್ನು ಬೇರ್ಪಡಿಸಿ ಅಳೆಯುವ ಉಪಾಯವಿಲ್ಲವೇ? ಇದೆ, ಸ್ವಲ್ಪಮಟ್ಟಿಗೆ. ಈ ಲೀಗಿನಲ್ಲಿ ಆಟಗಾರರ ಹೆಗಲಿನ ಕವಚದೊಳಗೆ ಪುಟ್ಟ ರೇಡಿಯೋ ಸಾಧನವನ್ನು ಇರಿಸಿ, ಪ್ರತಿಯೊಬ್ಬನೂ ಎಲ್ಲಿದ್ದಾನೆಂಬುದನ್ನು ಸೆಕೆಂಡಿಗೆ ಹತ್ತು ಬಾರಿ ಗುರುತಿಸುತ್ತಾರೆ. ಓಟಗಾರನ ಕೈಗೆ ಚೆಂಡು ಬಂದ ಕ್ಷಣದಲ್ಲಿ 22 ಮಂದಿಯ ಸ್ಥಾನ, ವೇಗ, ದಿಕ್ಕುಗಳು ಹೀಗಿದ್ದರೆ ಸಾಮಾನ್ಯ ಓಟಗಾರನೊಬ್ಬನು ಎಷ್ಟು ಗಜ ಸಾಗಿಯಾನು? ಇದನ್ನು ಮುನ್ನುಡಿಯುವ ಸ್ಪರ್ಧೆಯೊಂದನ್ನು ಲೀಗಿನವರು 2019ರ ಕೊನೆಯಲ್ಲಿ ಏರ್ಪಡಿಸಿದರು. ಗೆದ್ದವರು ಆಸ್ಟ್ರಿಯದಲ್ಲಿ ನೆಲೆಸಿದ್ದ ಫಿಲಿಪ್ ಸಿಂಗರ್ ಮತ್ತು ದಿಮಿತ್ರಿ ಗೊರ್ದೆಯೇವ್ ಎಂಬ ಇಬ್ಬರು ದತ್ತಾಂಶ ತಜ್ಞರು. ಅವರ ವಿಧಾನದ ತಿರುಳು ನಮಗೆ ಪರಿಚಿತವಾದುದೇ: ಆಟಗಾರರ ಪರಸ್ಪರ ಸ್ಥಾನ ಮತ್ತು ಪರಸ್ಪರ ವೇಗ. ಅಂಥ ಲೆಕ್ಕದಿಂದ ದೊರೆತ ನಿರೀಕ್ಷಿತ ಗಜಗಳನ್ನು ಓಟಗಾರನು ವಾಸ್ತವವಾಗಿ ಸಾಗಿದ ಗಜಗಳಿಂದ ಕಳೆದರೆ ಉಳಿಯುವುದು ಅವನದೆಂದು ಹೇಳಬಹುದಾದ ಪಾಲು.

ನನ್ನ ದೃಷ್ಟಿಯಲ್ಲಿ ಇದು ಬರಿಯ ಸರಾಸರಿಗಿಂತ ಎಷ್ಟೋ ಮೇಲು. ಆದರೂ ಇದನ್ನು ತಕ್ಕಡಿಯಂತೆ ನಂಬಲಾಗದು. ಚೆಂಡು ಕೈಗೆ ಬಂದ ಮೇಲೂ ಮುಂಚೂಣಿಯವರು ತಳ್ಳುತ್ತಲೇ ಇರುತ್ತಾರೆ. ಆ ದುಡಿಮೆ ಓಟಗಾರನ ಲೆಕ್ಕದೊಳಗೆ ನುಸುಳಿಬಿಡುತ್ತದೆ. ವರ್ಗಮೂಲದ ಕಾಟವೂ ತಪ್ಪಿದ್ದಲ್ಲ.

ಇನ್ನೊಂದು ತೊಡಕು: ಎಲ್ಲ ಗಜಗಳಿಗೂ ಒಂದೇ ಬೆಲೆಯಿಲ್ಲ. ಮೂರನೆಯ ಯತ್ನದಲ್ಲಿ ಒಂದೇ ಗಜ ಬೇಕಾಗಿದ್ದು, ಓಟಗಾರನು ಒಂದೇ ಗಜ ಸಾಗಿದರೆ ಕೆಲಸ ಪೂರ್ಣವಾಯಿತು. ಸರಾಸರಿಯ ಕಣ್ಣಿಗೆ ಮಾತ್ರ ಅದು ಕಳಪೆ ಓಟ. ಎಂಟು ಗಜ ಬೇಕಾಗಿದ್ದಾಗ ಐದು ಸಾಗಿದರೆ ಸರಾಸರಿ ಹಿಗ್ಗುತ್ತದೆ, ತಂಡ ಮಾತ್ರ ಚೆಂಡನ್ನು ಬಿಟ್ಟುಕೊಡಬೇಕಾಗುತ್ತದೆ. 2025ರ ಫೆಬ್ರವರಿ 9ರಂದು ನಡೆದ ಅಂತಿಮ ಪಂದ್ಯದಲ್ಲಿ ಬಾರ್ಕ್ಲಿ 25 ಓಟಗಳಲ್ಲಿ 57 ಗಜ ಮಾತ್ರ ಸಾಗಿದನು, ಸರಾಸರಿ 2.3. ಎದುರಾಳಿಗಳಾದ ಕಾನ್ಸಾಸ್ ಸಿಟಿ ತಂಡದವರು ಅವನನ್ನು ತಡೆಯುವುದಕ್ಕೇ ಹೆಚ್ಚು ಗಮನ ಕೊಟ್ಟಿದ್ದರು. ಚೆಂಡೆಸೆತಕ್ಕೆ ಹಾದಿ ಸುಗಮವಾಗಿ ಈಗಲ್ಸ್ ತಂಡವು 40–22ರಿಂದ ಗೆದ್ದಿತು. ಹರ್ಟ್ಸ್ ಶ್ರೇಷ್ಠ ಆಟಗಾರನೆನಿಸಿದನು. ತನ್ನ ಕಡೆಗೆ ರಕ್ಷಕರನ್ನು ಸೆಳೆದುಕೊಂಡವನ ಸೇವೆಗೆ ಗಜಗಳ ಪಟ್ಟಿಯಲ್ಲಿ ಜಾಗವೇ ಇಲ್ಲ. ಇನ್ನೂ ಹಿಂದಿನ ನಿದರ್ಶನವೊಂದುಂಟು. ಈ ಆಟ ಕಂಡ ಅತ್ಯುತ್ತಮ ಓಟಗಾರರಲ್ಲೊಬ್ಬನೆಂದು ಎಲ್ಲರೂ ಒಪ್ಪುವ ಬ್ಯಾರಿ ಸ್ಯಾಂಡರ್ಸ್ 1994ರ ಋತುವಿನಲ್ಲಿ 1883 ಗಜಗಳೊಡನೆ ಲೀಗಿಗೇ ಮೊದಲಿಗನಾಗಿದ್ದನು; ಅದೇ ಡಿಸೆಂಬರ್ 31ರಂದು ಗ್ರೀನ್ ಬೇ ತಂಡದೆದುರು 13 ಬಾರಿ ಓಡಿ, ಒಟ್ಟಿನಲ್ಲಿ ಒಂದು ಗಜ ಹಿಂದಕ್ಕೇ ಸರಿದಿದ್ದನು!

ಬಾರ್ಕ್ಲಿಯ 2005 ಗಜಗಳು ಇನ್ನೊಂದು ವಾದಕ್ಕೂ ಎಡೆಕೊಟ್ಟವು. ಒಂದು ಋತುವಿನ ದಾಖಲೆಯು ಎರಿಕ್ ಡಿಕರ್‌ಸನ್‌ನದು: 1984ರಲ್ಲಿ 379 ಓಟಗಳಲ್ಲಿ 2105 ಗಜ. ಅದನ್ನು ಮುರಿಯಲು ಬಾರ್ಕ್ಲಿಗೆ ಇನ್ನು 101 ಗಜ ಬೇಕಾಗಿದ್ದಾಗ ಒಂದು ಪಂದ್ಯ ಉಳಿದಿತ್ತು. ತಂಡವು ಅವನಿಗೆ ವಿಶ್ರಾಂತಿ ಕೊಟ್ಟಿತು. ಇಬ್ಬರೂ ಆಡಿದ್ದು ಹದಿನಾರು ಪಂದ್ಯಗಳೇ. ಓಟಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಡಿಕರ್‌ಸನ್‌ನದು 5.55, ಬಾರ್ಕ್ಲಿಯದು 5.81, ಆದುದರಿಂದ ಬಾರ್ಕ್ಲಿಯೇ ಮೇಲೆಂದು ಕೆಲವರು ವಾದಿಸುವುದುಂಟು. ಅಂತರ 0.26 ಗಜ. ಇಷ್ಟು ಓಟಗಳಿಗೆ ಎರಡು ಸರಾಸರಿಗಳ ಅಂತರದಲ್ಲಿರುವ ಅನಿಶ್ಚಿತತೆಯನ್ನು ಓದುಗರು ಮೇಲಿನ ಕ್ರಮದಲ್ಲಿಯೇ ಗುಣಿಸಿ ನೋಡಬಹುದು. ಅದು ಸುಮಾರು 0.45 ಗಜ.