ಬೆರ್ರಿಯೆಸಾದ ಬೆಟ್ಟ, ಬಾಗಿಲ ನೆರಳು

ವಿದೇಶಕ್ಕೆ ಬಂದು ನೆಲೆಸಿದ ಪ್ರತಿಯೊಬ್ಬರ ಬಳಿಯೂ ಊರಿಗೆ ಕಳುಹಿಸಿದ ಮೊದಲ ಚಿತ್ರವೊಂದು ಇದ್ದೇ ಇರುತ್ತದೆ. ಕೆಲವರದು ಹಿಮ, ಕೆಲವರದು ಸೇತುವೆ, ಇನ್ನು ಕೆಲವರದು ಬಾಡಿಗೆಯ ಕಾರು. ನನ್ನದು ಒಂದು ಬೆಟ್ಟ. 2011ರ ಫೆಬ್ರುವರಿಯ ಒಂದು ಸಂಜೆ, ಸ್ಯಾನ್ ಹೋಸೆ ನಗರದ ಬೆರ್ರಿಯೆಸಾ ಭಾಗದಲ್ಲಿದ್ದ ಬಾಡಿಗೆ ಮನೆಯ ಕೋಣೆಯೊಳಗೆ ನಿಂತು, ತೆರೆದ ಗಾಜಿನ ಬಾಗಿಲಿನಾಚೆ ಕಾಣುತ್ತಿದ್ದ ಪೂರ್ವದ ಬೆಟ್ಟಸಾಲನ್ನು ತೆಗೆದ ಚಿತ್ರವದು. ಇಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಆ ಬೆಟ್ಟಗಳು ಫೆಬ್ರುವರಿಯಲ್ಲಿ ಮಲೆನಾಡಿನ ಬ್ಯಾಣದಂತೆ ಹಸಿರಾಗಿರುತ್ತವೆ. ಆ ಹಸಿರಿನ ಮೇಲೆ ಇಳಿಬಿಸಿಲು ಬಿದ್ದಿತ್ತು. ಸಾಗರದ ಮನೆಯಲ್ಲಿ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು.

ಕೆಲ ತಿಂಗಳ ಹಿಂದೆ ಅಕ್ಕನ ಮಗಳು ದೂರವಾಣಿ ಮಾಡಿದಳು. ಇಂಜಿನಿಯರಿಂಗ್ ಮುಗಿಸುವ ಹಂತದಲ್ಲಿರುವ ಆಕೆಗೆ ಎಂಎಸ್ ಮಾಡಲು ಅಮೆರಿಕಕ್ಕೆ ಬರುವ ಹಂಬಲ. "ಮಾವ, ಆ ಬೆಟ್ಟದ ಫೋಟೋನ ದೊಡ್ಡದಾಗಿ ಕಳಿಸ್ತೀರಾ? ನನ್ನ ರೂಮಿನ ಗೋಡೆಗೆ ಹಾಕ್ಕೋಬೇಕು. ಓದೋಕೆ ಬೇಜಾರಾದಾಗ ಅದನ್ನೇ ನೋಡ್ತೀನಿ" ಎಂದಳು. ಅಂದು ಇಮೇಲ್‌ಗೆಂದು ಕುಗ್ಗಿಸಿ ಕಳುಹಿಸಿದ್ದ ಚಿತ್ರವದು. ದೊಡ್ಡದು ಮಾಡಿದರೆ ಒಡೆದುಹೋಗುತ್ತಿತ್ತು. ಹೀಗಾಗಿ ಹಳೆಯ ಹಾರ್ಡ್ ಡಿಸ್ಕನ್ನು ಹುಡುಕಿ ಮೂಲ ಕಡತವನ್ನು ತೆರೆಯಬೇಕಾಯಿತು.

ಈಚೆಗೆ ವಾರಾಂತ್ಯಗಳಲ್ಲಿ ನಾನು ಛಾಯಾಗ್ರಹಣವನ್ನು ಮತ್ತೆ ಮೊದಲಿನಿಂದ ಕಲಿಯುತ್ತಿದ್ದೇನೆ. ಆಲಮ್ ರಾಕ್ ಉದ್ಯಾನದ ಕಣಿವೆಯಿಂದ ಇಳಿದು ಬರುವ ಪೆನಿಟೆನ್ಸಿಯಾ ತೊರೆಯ ದಂಡೆಯಲ್ಲಿ ಟ್ರೈಪಾಡ್ ಊರಿ, ಶಟರನ್ನು ಒಂದೆರಡು ಸೆಕೆಂಡು ತೆರೆದಿಟ್ಟು ಹರಿವ ನೀರನ್ನು ರೇಷ್ಮೆಯಂತೆ ಮೂಡಿಸುವುದು, ಒಂದೇ ನೋಟವನ್ನು ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ ಮೂರು ಬಾರಿ ಹಿಡಿದು ಜೋಡಿಸುವುದು, ಹಿಸ್ಟೋಗ್ರಾಮ್ ಓದುವುದು ಇವೆಲ್ಲ ಈಗಿನ ಅಭ್ಯಾಸ. ಹೊಸ ವಿದ್ಯೆಯನ್ನು ಹಳೆಯ ಚಿತ್ರಗಳ ಮೇಲೆ ಪ್ರಯೋಗಿಸಿ ನೋಡುವುದೂ ಅದರ ಒಂದು ಪಾಠ. ಸೊಸೆಯ ಕೋರಿಕೆಯಿಂದ ಆ ಪಾಠಕ್ಕೆ ವಸ್ತು ತಾನಾಗಿಯೇ ಒದಗಿತು.

ಮೂಲ ಕಡತ ತೆರೆದಾಗ ನಾನು ಮರೆತೇಬಿಟ್ಟಿದ್ದ ಸಂಗತಿಯೊಂದು ಎದುರಾಯಿತು. ಊರಿಗೆ ಹೋದದ್ದು ಅರ್ಧ ಚಿತ್ರ ಮಾತ್ರ. ಬಾಗಿಲಿನ ಈಚೆಗಿದ್ದ ಎಡಭಾಗವನ್ನು, ಅಂದರೆ ನಾವು ವಾಸವಿದ್ದ ಕೋಣೆಯನ್ನು, ನಾನೇ ಕತ್ತರಿಸಿ ತೆಗೆದಿದ್ದೆ. ಆ ಭಾಗ ಪರದೆಯ ಮೇಲೆ ಬರೀ ಕಪ್ಪಾಗಿ ಕಾಣುತ್ತಿತ್ತು.

ಇಲ್ಲಿ ತಾಂತ್ರಿಕ ವಿಷಯವೊಂದನ್ನು ವಿವರಿಸಬೇಕು. ಕ್ಯಾಮೆರಾ ಮಾರಿದವರು ಅದನ್ನು ಜೆಪೆಗ್ ಮತ್ತು ರಾ ಎಂಬ ಎರಡೂ ರೂಪಗಳಲ್ಲಿ ಚಿತ್ರ ಉಳಿಸುವಂತೆ ಹೊಂದಿಸಿಕೊಟ್ಟಿದ್ದರು. ಜೆಪೆಗ್ ಎಂದರೆ ಕ್ಯಾಮೆರಾ ತಾನೇ ಅಡುಗೆ ಮಾಡಿ ಬಡಿಸಿದ ಚಿತ್ರ. ಅದರಲ್ಲಿ ಪ್ರತಿ ಬಣ್ಣಕ್ಕೆ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲುಗಳು ಮಾತ್ರ. ರಾ ಕಡತವೋ ಸಂವೇದಕ ಕಂಡದ್ದನ್ನು ಕಂಡಂತೆ ಬರೆದಿಟ್ಟ ಲೆಕ್ಕದ ಪುಸ್ತಕ. 12 ಬಿಟ್ ಆದರೆ 4,096, 14 ಬಿಟ್ ಆದರೆ 16,384 ಮೆಟ್ಟಿಲುಗಳು. ಜೆಪೆಗ್ ಕಪ್ಪೆಂದು ಕೈಬಿಟ್ಟ ಜಾಗದಲ್ಲೂ ರಾ ಕಡತದಲ್ಲಿ ಏನಾದರೂ ಉಳಿದಿರುತ್ತದೆ. ಅದನ್ನು ಓದುವ ತಂತ್ರಾಂಶವೂ ವರ್ಷದಿಂದ ವರ್ಷಕ್ಕೆ ಪಳಗುತ್ತದೆ. 2012ರಲ್ಲಿ ಬಂದ ಲೈಟ್‌ರೂಮ್‌ನ ನಾಲ್ಕನೆಯ ಆವೃತ್ತಿ ನೆರಳನ್ನು ಎತ್ತುವ ಬಗೆಯನ್ನೇ ಬದಲಿಸಿತು. 2023ರಲ್ಲಿ ಅದಕ್ಕೆ ಕೃತಕ ಬುದ್ಧಿಮತ್ತೆಯಿಂದ ಕಾಳುಕಾಳನ್ನು ನಿವಾರಿಸುವ ಸೌಲಭ್ಯ ಸೇರಿತು. ಅದನ್ನು ತಯಾರಿಸುವ ಅಡೋಬಿ ಸಂಸ್ಥೆಯ ಕೇಂದ್ರ ಕಚೇರಿ ಇರುವುದೂ ಇದೇ ಸ್ಯಾನ್ ಹೋಸೆಯಲ್ಲಿ. 2011ರಲ್ಲಿ ಕೈಗೆಟುಕದಿದ್ದ ವಿವರ ಅದೇ ಕಡತದಿಂದ ಇಂದು ಹೊರಬರುವುದು ಹೀಗೆ.

ನೆರಳಿನ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ಸರಿಸಿದೆ. ಕಪ್ಪಿನೊಳಗಿಂದ ಮೊದಲು ನೆಲದ ಮೇಲಿನ ಹಾಸಿಗೆಗಳು ಕಂಡವು. ಮಂಚವಿರಲಿಲ್ಲ, ಒಂದು ಕೋಣೆಯಲ್ಲಿ ಇಬ್ಬರಂತೆ ಆ ಮನೆಯಲ್ಲಿ ನಾಲ್ವರಿದ್ದೆವು. ನಂತರ ಮೇಜಿನಂತೆ ಬಳಸುತ್ತಿದ್ದ ಸೂಟ್‌ಕೇಸು, ಅದರ ಮೇಲೆ ಪ್ರೆಷರ್ ಕುಕ್ಕರು. ಕೊನೆಗೆ, ಗೋಡೆಯ ಕಡೆಗೆ ಮುಖ ಮಾಡಿ ಮುದುಡಿ ಮಲಗಿದ್ದ ನನ್ನ ಗೆಳೆಯ. ಆ ವಾರವಷ್ಟೇ ಅವನ ಕೆಲಸ ಹೋಗಿತ್ತು. ಎಚ್-1ಬಿ ವೀಸಾದಲ್ಲಿದ್ದವರು ಕೆಲಸ ಕಳೆದುಕೊಂಡರೆ ಗರಿಷ್ಠ ಅರವತ್ತು ದಿನಗಳವರೆಗೆ ಇಲ್ಲಿದ್ದು ಬೇರೆ ಕೆಲಸ ಹುಡುಕಬಹುದೆಂಬ ನಿಯಮ ಜಾರಿಗೆ ಬಂದದ್ದು 2017ರ ಜನವರಿಯಲ್ಲಿ. ಅಂದು ಅಂಥ ಕಾಲಾವಕಾಶ ಇರಲಿಲ್ಲ. ಅವನು ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದ. ಅಂಥ ಸಂಜೆಯಲ್ಲಿ ನಾನು ಅವನ ಪಕ್ಕದಲ್ಲೇ ನಿಂತು ಬೆಟ್ಟದ ಚಿತ್ರ ತೆಗೆದಿದ್ದೆ.

ಈಗ ಪ್ರಶ್ನೆಯೆದುರಾಯಿತು. ಸೊಸೆಗೆ ಕಳುಹಿಸಬೇಕಾದ್ದು ಯಾವ ಚಿತ್ರ? ಬೆಟ್ಟವನ್ನು ಇನ್ನಷ್ಟು ಹಸಿರಾಗಿಸಿ, ಆಕಾಶಕ್ಕೆ ಇನ್ನಷ್ಟು ಬಣ್ಣ ತುಂಬಿ ಕೊಡುವುದು ಇಂದು ನನಗೆ ಐದು ನಿಮಿಷದ ಕೆಲಸ. ಹಳೆಯ ಚಿತ್ರವನ್ನು ಮರುರೂಪಿಸುವುದು ತಪ್ಪೇನೂ ಅಲ್ಲ. ಮಹನೀಯರೇ ಅದನ್ನು ಮಾಡಿದ್ದಾರೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1902ರಲ್ಲಿ ಹುಟ್ಟಿದ ಆನ್ಸೆಲ್ ಆಡಮ್ಸ್, ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ದೃಶ್ಯವನ್ನು ಸೆರೆಹಿಡಿದದ್ದು 1941ರಲ್ಲಿ. ಬೆಳಕಿನ ಮಾಪಕ ಕೈಗೆ ಸಿಗದೆ, ಚಂದ್ರನ ಕಾಂತಿಯ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿ ಒಂದೇ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ಆದರೆ ಆ ಒಂದೇ ನೆಗೆಟಿವ್‌ನಿಂದ ಅವರು ದಶಕಗಳ ಕಾಲ ಸಾವಿರಕ್ಕೂ ಮಿಕ್ಕಿ ಪ್ರತಿಗಳನ್ನು ಮುದ್ರಿಸಿದರು. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನೇ ರಾಸಾಯನಿಕಗಳಿಂದ ಗಾಢಗೊಳಿಸಿದರು. ಆರಂಭದ ಪ್ರತಿಗಳಲ್ಲಿ ಮೋಡಗಳಿಂದ ತುಂಬಿ ತಿಳಿಯಾಗಿದ್ದ ಆಕಾಶ, ಅವರಿಗೆ ವಯಸ್ಸಾದಂತೆ ಕಪ್ಪಾಗುತ್ತ ಹೋಯಿತು. ಯೌವನದಲ್ಲಿ ಪಿಯಾನೋ ವಾದಕರಾಗಬೇಕೆಂದಿದ್ದ ಆಡಮ್ಸ್ ನೆಗೆಟಿವ್ ಅನ್ನು ಸ್ವರಲಿಪಿಗೂ ಮುದ್ರಣವನ್ನು ಕಛೇರಿಗೂ ಹೋಲಿಸುತ್ತಿದ್ದರು. ಒಂದೇ ಕೃತಿಯನ್ನು ಇಪ್ಪತ್ತರಲ್ಲಿ ಹಾಡಿದಂತೆ ಅರವತ್ತರಲ್ಲಿ ಹಾಡಲಾಗದು ಎಂಬುದನ್ನು ಸಂಗೀತ ಬಲ್ಲ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಛಾಯೆಯನ್ನು ಬದಲಿಸುವುದು ಬೇರೆ, ಇದ್ದುದನ್ನು ಇಲ್ಲವಾಗಿಸುವುದು ಬೇರೆ. ಇದಕ್ಕೆ ಪ್ರಸಿದ್ಧ ನಿದರ್ಶನ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ವಲಸೆ ತಾಯಿಯ ಚಿತ್ರ. ಮೂಲದಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದು ಬಲಮೂಲೆಯಲ್ಲಿ ಕಾಣುತ್ತಿತ್ತು. ನೋಟಕ್ಕೆ ಅಡ್ಡಿಯೆಂದು ಲ್ಯಾಂಗ್ ಕೆಲವು ವರ್ಷಗಳ ನಂತರ ನೆಗೆಟಿವ್‌ನಲ್ಲೇ ಅದನ್ನು ಅಳಿಸಿಹಾಕಿಸಿದರು. ಸರ್ಕಾರದ ಛಾಯಾಚಿತ್ರ ವಿಭಾಗದಲ್ಲಿ ಅವರ ಮೇಲಧಿಕಾರಿಯಾಗಿದ್ದ ರಾಯ್ ಸ್ಟ್ರೈಕರ್‌ಗೆ ಇದು ಹಿಡಿಸಲಿಲ್ಲ. ಹಾಗಿದ್ದರೂ ತಿದ್ದಿದ ಚಿತ್ರದಲ್ಲಿ ಆ ಬೆರಳಿನ ಮಸುಕು ನೆರಳು ಇಂದಿಗೂ ಕಾಣಸಿಗುತ್ತದೆ. ಬೆರಳೊಂದನ್ನು ಅಳಿಸಿದ್ದೇ ಇಷ್ಟು ಚರ್ಚೆಯಾಗಿದ್ದರೆ, ಮನುಷ್ಯನನ್ನೇ ಕತ್ತರಿಸಿದ ನನ್ನ ಲೆಕ್ಕ ಎಲ್ಲಿ ನಿಲ್ಲಬೇಕು?

ಇದೇ ಲ್ಯಾಂಗ್‌ರಿಗೆ ಬೆರ್ರಿಯೆಸಾ ಎಂಬ ಹೆಸರಿನೊಡನೆ ಇನ್ನೊಂದು ನಂಟಿದೆ. ನಾನಿರುವ ಬಡಾವಣೆಗೂ, ಇಲ್ಲಿಂದ ಎರಡು ಗಂಟೆಯ ಹಾದಿಯಲ್ಲಿರುವ ನಾಪಾ ಜಿಲ್ಲೆಯ ಬೆರ್ರಿಯೆಸಾ ಸರೋವರಕ್ಕೂ ಹೆಸರು ಬಂದದ್ದು ಒಂದೇ ಸ್ಪ್ಯಾನಿಷ್ ಮನೆತನದಿಂದ. ಸರೋವರವಿರುವ ಜಾಗದಲ್ಲಿ ಒಂದು ಕಾಲಕ್ಕೆ ಮಾಂಟಿಸೆಲ್ಲೊ ಎಂಬ ಊರಿತ್ತು. 1950ರ ದಶಕದಲ್ಲಿ ಪ್ಯೂಟಾ ಹೊಳೆಗೆ ಅಣೆಕಟ್ಟು ಕಟ್ಟಿದಾಗ ಕಣಿವೆಯೇ ಮುಳುಗಿತು. ಮುಳುಗುವ ಮುನ್ನ, 1956ರಲ್ಲಿ ಲ್ಯಾಂಗ್, ಹಿಂದೆ ಆಡಮ್ಸ್‌ರ ಸಹಾಯಕರಾಗಿದ್ದ ಪರ್ಕಲ್ ಜೋನ್ಸ್‌ರೊಡನೆ ಸೇರಿ ಆ ಕಣಿವೆಯ ಕೊನೆಯ ದಿನಗಳನ್ನು ಚಿತ್ರಿಸತೊಡಗಿದರು. ಕಡಿದುರುಳಿದ ಮರಗಳು, ಕಿತ್ತು ಸಾಗಿಸಿದ ಸಮಾಧಿಗಳು, ಬೆದರಿ ಓಡುವ ಕುದುರೆ, ಖಾಲಿ ಮನೆಗಳು. ಕೆಲಸ ಒಪ್ಪಿಸಿದ್ದ ಲೈಫ್ ಪತ್ರಿಕೆ ಅವನ್ನು ಪ್ರಕಟಿಸಲಿಲ್ಲ. 1960ರಲ್ಲಿ ಅಪರ್ಚರ್ ಪತ್ರಿಕೆ ಒಂದಿಡೀ ಸಂಚಿಕೆಯನ್ನು ಅದಕ್ಕೆ ಮೀಸಲಿಟ್ಟಿತು. ಕಣಿವೆಯ ಸೊಬಗನ್ನಷ್ಟೇ ಅವರು ಉಳಿಸಿದ್ದರೆ ಅದೊಂದು ಸುಂದರ ಕ್ಯಾಲೆಂಡರ್ ಆಗುತ್ತಿತ್ತು. ಅಲ್ಲಿಂದ ಎದ್ದು ಹೋದವರ ಮಕ್ಕಳಿಗೆ ಇಂದು ಬೇಕಾಗಿರುವುದು ಆ ಉರುಳಿದ ಮರ, ಆ ಖಾಲಿ ಮನೆಗಳೇ.

ಇದನ್ನು ಬರೆಯುವಾಗ ಅಮ್ಮನ ನೆನಪಾಗದಿರದು. ಆಕೆಯದು ಶರಾವತಿ ಕಣಿವೆಯ ತವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ನೀರಿನಡಿ ಮನೆ, ತೋಟ, ಗದ್ದೆ ಎಲ್ಲವೂ ಸೇರಿದವು. ನೀರು ತೀರ ಇಳಿದ ಬೇಸಿಗೆಗಳಲ್ಲಿ, 1940ರ ದಶಕದಲ್ಲಿ ಕಟ್ಟಿ ನಂತರ ಲಿಂಗನಮಕ್ಕಿಯಲ್ಲೇ ಮುಳುಗಿದ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುವುದನ್ನು ಸಾಗರದ ಕಡೆಯವರೆಲ್ಲ ಬಲ್ಲರು. ಆದರೆ ಅಮ್ಮನ ತವರುಮನೆ ತಲೆಯೆತ್ತಲಿಲ್ಲ. ಅದರ ಒಂದು ಚಿತ್ರವೂ ಇಲ್ಲ. ಇರುವುದು ಅಜ್ಜ ಅಜ್ಜಿ ಪೇಟೆಯ ಸ್ಟುಡಿಯೋದಲ್ಲಿ, ಬಣ್ಣ ಬಳಿದ ಅರಮನೆಯ ಪರದೆಯ ಮುಂದೆ ಕುಳಿತು ತೆಗೆಸಿಕೊಂಡ ಒಂದು ಪ್ರತಿ ಮಾತ್ರ. "ಆ ಅರಮನೆ ಯಾರಿಗೆ ಬೇಕಿತ್ತು, ನಮ್ಮನೆ ಜಗಲಿ ಮೇಲೆ ಕೂತಿದ್ರೆ ಸಾಕಿತ್ತು" ಎಂದು ಅಮ್ಮ ಎಷ್ಟೋ ಬಾರಿ ಹೇಳಿದ್ದಿದೆ. ನನ್ನ ಬೆಟ್ಟದ ಚಿತ್ರ ತಲುಪಿದ ದಿನವೂ ಆಕೆ ದೂರವಾಣಿಯಲ್ಲಿ ಕೇಳಿದ್ದಳು: "ಚೆಂದ ಇದೆ ಕಣೋ. ನೀನು ಮಲಗೋ ಜಾಗ ಯಾವುದು?" ಅಂದು ನಕ್ಕು ಮಾತು ಮರೆಸಿದ್ದೆ. ಹಿಂದೆ ತಿರುಗಿ ನೋಡಿದರೆ, ನಾನು ಕಳುಹಿಸಿದ್ದೂ ಅಂಥದೇ ಒಂದು ಅರಮನೆಯ ಪರದೆ.

ಮರುಚಿತ್ರಣ ಎಂಬ ಅಭ್ಯಾಸವೊಂದಿದೆ. ಹಳೆಯ ಚಿತ್ರ ತೆಗೆದ ಸ್ಥಳದಲ್ಲೇ, ಅದೇ ಋತುವಿನ ಅದೇ ಹೊತ್ತಿನಲ್ಲಿ ನಿಂತು ಮತ್ತೆ ಚಿತ್ರ ತೆಗೆಯುವುದು. ಛಾಯಾಗ್ರಾಹಕ ಮಾರ್ಕ್ ಕ್ಲೆಟ್ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಚಿತ್ರಗಳನ್ನು ಹಿಡಿದು ಅದೇ ಬೀದಿಗಳಲ್ಲಿ ನಿಂತು ತೆಗೆದ ಜೋಡಿಚಿತ್ರಗಳು, ದುರಂತಕ್ಕೆ ನೂರು ತುಂಬಿದ 2006ರಲ್ಲಿ ಪ್ರದರ್ಶನಗೊಂಡವು. ಇದರಲ್ಲಿ ಕಷ್ಟದ ಕೆಲಸ ನಿಲ್ಲುವ ಜಾಗವನ್ನು ಕಂಡುಹಿಡಿಯುವುದು. ಹತ್ತಿರದ ವಸ್ತುವೊಂದು ದೂರದ ವಸ್ತುವನ್ನು ಹಳೆಯ ಚಿತ್ರದಲ್ಲಿ ಎಲ್ಲಿ ಮರೆಮಾಡಿತ್ತೋ ಅಲ್ಲೇ ಮರೆಮಾಡುವವರೆಗೆ ಹೆಜ್ಜೆ ಸರಿಸುತ್ತಿರಬೇಕು. ನಿಂತ ಜಾಗ ತಪ್ಪಿದರೆ ಲೆನ್ಸ್ ಬದಲಿಸಿ ಅದನ್ನು ಸರಿಪಡಿಸಲಾಗದು. ನಾನೂ ಹಳೆಯ ಮನೆಯಿದ್ದ ರಸ್ತೆಗೆ ಹೋದೆ. ಆ ಕೋಣೆಯಲ್ಲಿ ಈಗ ಯಾರಿದ್ದಾರೋ. ಹೊರಗಿನ ಕಾಲುದಾರಿಯಲ್ಲೇ ನಿಂತು, ದೀಪದ ಕಂಬವನ್ನೂ ಬೆಟ್ಟದ ಬೆನ್ನನ್ನೂ ಹೊಂದಿಸಿ ಚಿತ್ರ ತೆಗೆದೆ. ಬೆಟ್ಟ ಬದಲಾಗಿಲ್ಲ. ಹಿಂದೆ ಏಪ್ರಿಕಾಟ್ ಮತ್ತು ಪ್ರೂನ್ ತೋಟಗಳಿದ್ದ ಈ ನೆಲ ನಾನು ಬರುವ ಮೊದಲೇ ಮನೆಗಳಾಗಿತ್ತು. 2020ರ ಜೂನ್‌ನಲ್ಲಿ ಬಾರ್ಟ್ ರೈಲು ನಿಲ್ದಾಣವೂ ಬಂದಿತು. ಅಂದು ಕಾರಿಲ್ಲದ ನಾವು ಬಸ್ಸಿಗೆ ಕಾದು ಕಳೆದ ಗಂಟೆಗಳು ಮಾತ್ರ ಯಾವ ಚಿತ್ರದಲ್ಲೂ ಇಲ್ಲ.

ಚಿತ್ರ ಕಳುಹಿಸುವ ಮೊದಲು ಗೆಳೆಯನ ಒಪ್ಪಿಗೆ ಬೇಕಿತ್ತು. ಅವನೀಗ ಬೆಂಗಳೂರಿನಲ್ಲಿ ಚೆನ್ನಾಗಿದ್ದಾನೆ. ಚಿತ್ರ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಕಳಿಸು ಮಾರಾಯ. ಆ ಕುಕ್ಕರು ನಂದು, ನಿನಗೆ ಬಿಟ್ಟು ಬಂದಿದ್ದೆ, ನೆನಪಿದೆಯಾ?" ಎಂದ. ನೆನಪಿತ್ತು. ಅದರಲ್ಲಿ ನಾನು ಮುಂದೆ ಮೂರು ವರ್ಷ ಅನ್ನ ಮಾಡಿಕೊಂಡಿದ್ದೆ.

ಮರುರೂಪಿಸುವಾಗ ಕೆಲವು ನಿಯಮ ಹಾಕಿಕೊಂಡೆ. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆಯೇ ಕೆಲಸ ಮಾಡಿದೆ. ನೆರಳನ್ನು ಅಂದು ನನ್ನ ಕಣ್ಣು ಕೋಣೆಯಲ್ಲಿ ಕಂಡಷ್ಟಕ್ಕೇ ಎತ್ತಿದೆ. ಕಾಳುಕಾಳನ್ನು ಪೂರ್ತಿ ಅಳಿಸಲಿಲ್ಲ, ಏಕೆಂದರೆ ಹಾಗೆ ಮಾಡಿದರೆ ಇಲ್ಲದ ವಿವರವನ್ನು ತಂತ್ರಾಂಶ ಊಹಿಸಿ ತುಂಬಿಬಿಡಬಹುದು. ಬೆಟ್ಟದ ಹಸಿರನ್ನು ಹಾಗೆಯೇ ಬಿಟ್ಟೆ, ಅದು ಸುಳ್ಳಾಗಿರಲಿಲ್ಲ. ಚಿತ್ರದೊಡನೆ ದಿನಾಂಕ, ಸ್ಥಳ, ಅಂದು ಅಲ್ಲಿದ್ದವರು ಯಾರೆಂಬ ನಾಲ್ಕು ಸಾಲುಗಳನ್ನೂ ಬರೆದೆ. ಊರಿಗೆ ಚಿತ್ರ ಕಳುಹಿಸುವ ಎಲ್ಲರಿಗೂ ನನ್ನ ವಿನಂತಿ ಇಷ್ಟೇ: ಕತ್ತರಿಸಿದರೂ ಚಿಂತೆಯಿಲ್ಲ, ಮೂಲವನ್ನು ಎಸೆಯಬೇಡಿ. ಹೊರಡಲು ಸಿದ್ಧರಾಗುತ್ತಿರುವವರು, ನೋಡಿದ ಪ್ರತಿ ಸುಂದರ ಚಿತ್ರದ ಎಡಕ್ಕೂ ಬಲಕ್ಕೂ ಏನಿತ್ತೆಂದು ಒಮ್ಮೆ ಕೇಳಿ ತಿಳಿದುಕೊಳ್ಳಿ.

ಸೊಸೆಗೆ ಪೂರ್ತಿ ಚಿತ್ರವನ್ನೇ ಕಳುಹಿಸಿದೆ. ಎರಡು ದಿನ ಉತ್ತರ ಬರಲಿಲ್ಲ; ನಿರಾಸೆಗೊಳಿಸಿದೆನೇನೋ ಎಂದು ಅಳುಕಿದೆ. ಮೂರನೆಯ ದಿನ ಪ್ರಶ್ನೆಗಳ ಉದ್ದನೆಯ ಪಟ್ಟಿ ಬಂದಿತು. ನಾಲ್ಕು ಜನ ಇದ್ದರೆ ತಲೆಗೆ ಬಾಡಿಗೆ ಎಷ್ಟು ಬೀಳುತ್ತದೆ, ಹಾಸಿಗೆ ಅಲ್ಲೇ ಸಿಗುತ್ತದೆಯೇ, ಸಾಲ ತೀರಿಸಲು ಎಷ್ಟು ವರ್ಷ ಬೇಕು, ಕೆಲಸ ಸಿಗದಿದ್ದರೆ ಏನು ಮಾಡುವುದು. ಇಷ್ಟು ದಿನ ಬೆಟ್ಟವನ್ನಷ್ಟೇ ಕೇಳಿದ್ದ ಹುಡುಗಿ ಮೊದಲ ಬಾರಿಗೆ ಕೋಣೆಯನ್ನು ಕೇಳಿದ್ದಳು. ಬರುವ ನಿರ್ಧಾರವನ್ನೇನೂ ಬಿಟ್ಟಿಲ್ಲ.

ಅಮ್ಮನಿಗೂ ಆಕೆಯೇ ಚಿತ್ರ ತೋರಿಸಿದಳಂತೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ ಅಮ್ಮ ನನಗೆ ದೂರವಾಣಿ ಮಾಡಿಸಿದಳು. ಬೆಟ್ಟದ ಸುದ್ದಿ ಎತ್ತಲಿಲ್ಲ.

"ಆ ಮಲಗಿದ್ದಾನಲ್ಲ, ಆ ಹುಡುಗ ಯಾರೋ? ಅವತ್ತು ಊಟ ಮಾಡಿದ್ನಾ ಅವನು?"