ಅರ್ಮೆರೊ ಊರಿನ ಹಳೆಯ ಲೆಕ್ಕ

ಜ್ವಾಲಾಮುಖಿ ಎಂದರೆ ಎಲ್ಲರ ಕಣ್ಣಿಗೆ ಬರುವುದು ಹರಿಯುವ ಕೆಂಪು ಲಾವಾ. ನಮ್ಮ ಮನೆಯ ಉರ್ದುವಿನಲ್ಲೂ ಅದನ್ನು ‘ಆತಿಶ್ ಫಿಶಾನ್’, ಅಂದರೆ ಬೆಂಕಿ ಚೆಲ್ಲುವುದು, ಎನ್ನುತ್ತಾರೆ. ಆದರೆ 1985ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಅರ್ಮೆರೊ ಎಂಬ ಊರನ್ನು ಮುಗಿಸಿದ್ದು ಬೆಂಕಿಯಲ್ಲ, ಕೆಸರು.

ಅಲ್ಲಿನ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿಯ ಎತ್ತರ ಸುಮಾರು 5,300 ಮೀಟರ್. ತುದಿಯಲ್ಲಿ ಯಾವಾಗಲೂ ಹಿಮ. ಬಿಸಿ ಬೂದಿ, ಕಲ್ಲು ಆ ಹಿಮದ ಮೇಲೆ ಬಿದ್ದರೆ ಅದು ಕರಗಿ ನೀರಾಗುತ್ತದೆ. ನೀರು ಇಳಿಯುತ್ತಾ ಮಣ್ಣು, ಬಂಡೆಗಳನ್ನು ಸೇರಿಸಿಕೊಂಡು ಹಸಿ ಕಾಂಕ್ರೀಟಿನಂತಾಗಿ ನದಿಯ ಕಣಿವೆಯಲ್ಲಿ ನುಗ್ಗುತ್ತದೆ. ಇದಕ್ಕೆ ಲಹಾರ್ ಎಂದು ಹೆಸರು. ಇದು ಜಾವಾ ಭಾಷೆಯ ಪದ. ನಮ್ಮ ‘ಲಹರ್’, ಅಂದರೆ ಅಲೆಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಕೇಳಿದಾಗ ನನಗೆ ಅಲೆಯೇ ನೆನಪಾಯಿತು.

ಈ ಪರ್ವತ 1595ರಲ್ಲಿ ಹೀಗೆಯೇ ಕೆಸರು ಕಳಿಸಿತ್ತು. 1845ರಲ್ಲಿ ಮತ್ತೆ ಬಂದ ಕೆಸರಿಗೆ ಸುಮಾರು 1,000 ಜನ ಸತ್ತರು. ಆ ಕೆಸರು ಒಣಗಿದ ನೆಲದ ಮೇಲೆಯೇ ಮುಂದೆ ಅರ್ಮೆರೊ ಬೆಳೆಯಿತು. ಮಣ್ಣು ಫಲವತ್ತಾಗಿತ್ತು, ಹತ್ತಿ ಮತ್ತು ಭತ್ತ ಚೆನ್ನಾಗಿ ಬರುತ್ತಿತ್ತು. ನಾವು ಕಾಮರ್ಸ್‌ನವರು ಬ್ಯಾಲೆನ್ಸ್ ಶೀಟ್ ಬರೆಯುವಾಗ ಪಕ್ಕದಲ್ಲೇ ಹಿಂದಿನ ವರ್ಷದ ಅಂಕಿಗಳಿಗೂ ಒಂದು ಕಾಲಂ ಇಡುತ್ತೇವೆ. ಭೂವಿಜ್ಞಾನಿಗಳಿಗೆ ಹಳೆಯ ಸ್ಫೋಟಗಳೇ ಆ ಕಾಲಂ. ಅದನ್ನು ನೋಡಿಯೇ ಅವರು 1985ರ ಅಕ್ಟೋಬರ್‌ನಲ್ಲಿ ಅಪಾಯದ ನಕ್ಷೆ ತಯಾರಿಸಿದರು. ಕೆಸರು ಬರುವ ಜಾಗದಲ್ಲಿ ಅರ್ಮೆರೊ ಇತ್ತು.

ಆದರೆ ಊರು ಖಾಲಿ ಮಾಡಿಸಿದ ಮೇಲೆ ಏನೂ ಆಗದಿದ್ದರೆ? ವ್ಯಾಪಾರ ನಷ್ಟ, ಜನರ ಸಿಟ್ಟು. ಅಧಿಕಾರಿಗಳು ಕಾದರು. ನಷ್ಟದ ಭಯ ನನಗೂ ಅರ್ಥವಾಗುತ್ತದೆ, ಆದರೆ ಅವರು ಒಂದೇ ಬದಿಯ ಲೆಕ್ಕ ಹಾಕಿದರು. ನವೆಂಬರ್ 13ರ ಮಧ್ಯಾಹ್ನ ಊರಿನ ಮೇಲೆ ಬೂದಿ ಬಿತ್ತು. ಗಾಬರಿಪಡಬೇಡಿ, ಮನೆಯೊಳಗಿರಿ ಎಂದು ಜನರಿಗೆ ಹೇಳಲಾಯಿತು. ರಾತ್ರಿ ಸುಮಾರು 9 ಗಂಟೆಗೆ ಸ್ಫೋಟವಾಯಿತು. ಕೆಸರು ಕಣಿವೆಯ ದಾರಿಯಲ್ಲಿ 70 ಕಿಲೋಮೀಟರಿಗೂ ಹೆಚ್ಚು ಹರಿದು ಊರನ್ನು ಮುಟ್ಟಿದಾಗ ಸುಮಾರು 11.30. ನಡುವೆ ಎರಡೂವರೆ ಗಂಟೆ ಇತ್ತು. ಎತ್ತರದ ಗುಡ್ಡಗಳು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದವು. ಒಟ್ಟು ಸುಮಾರು 23,000 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಅರ್ಮೆರೊದವರೇ.

ಸುಮಾರು ಐದೂವರೆ ವರ್ಷಗಳ ನಂತರ, 1991ರ ಏಪ್ರಿಲ್‌ನಲ್ಲಿ, ಫಿಲಿಪೀನ್ಸ್‌ನ ಪಿನಟುಬೊ ಪರ್ವತದಿಂದ ಉಗಿ ಏಳತೊಡಗಿತು. ಸುಮಾರು 500 ವರ್ಷಗಳಿಂದ ಅದು ಸುಮ್ಮನಿತ್ತು. ಅಲ್ಲಿನ ಮತ್ತು ಅಮೆರಿಕದ ವಿಜ್ಞಾನಿಗಳು ಸುತ್ತಲಿನ ಹಳೆಯ ಬೂದಿಯ ಪದರಗಳನ್ನು ಪರೀಕ್ಷಿಸಿದರು. ಪಿನಟುಬೊ ಅಪರೂಪಕ್ಕೆ ಸಿಡಿಯುತ್ತದೆ, ಸಿಡಿದರೆ ಬಹಳ ದೊಡ್ಡದಾಗಿ ಸಿಡಿಯುತ್ತದೆ ಎಂದು ಗೊತ್ತಾಯಿತು. ಮೌರಿಸ್ ಮತ್ತು ಕಾತ್ಯಾ ಕ್ರಾಫ್ಟ್ ಎಂಬ ಫ್ರೆಂಚ್ ದಂಪತಿ ಚಿತ್ರೀಕರಿಸಿದ್ದ ಜ್ವಾಲಾಮುಖಿಗಳ ವಿಡಿಯೋವನ್ನು ಅಧಿಕಾರಿಗಳಿಗೆ, ಜನರಿಗೆ ತೋರಿಸಿದರು. ನಂಬದಿದ್ದವರೂ ನೋಡಿ ನಂಬಿದರು. ಆ ದಂಪತಿ ಜೂನ್ 3ರಂದು ಜಪಾನಿನ ಉನ್ಜೆನ್ ಜ್ವಾಲಾಮುಖಿಯ ಬಿಸಿ ಬೂದಿಯಲ್ಲಿ ಸಿಕ್ಕಿ ತೀರಿಕೊಂಡರು.

ಜೂನ್ 15ರಂದು ಪಿನಟುಬೊ ಸಿಡಿಯುವ ಹೊತ್ತಿಗೆ ಹತ್ತಾರು ಸಾವಿರ ಜನ ಊರು ಬಿಟ್ಟಿದ್ದರು. ಅದೇ ದಿನ ಚಂಡಮಾರುತವೂ ಬಂದು, ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಜನ ಸತ್ತರು. ಆದರೂ ಮುನ್ಸೂಚನೆಯಿಂದ ಕನಿಷ್ಠ 5,000 ಜೀವ ಮತ್ತು 25 ಕೋಟಿ ಡಾಲರ್ ಆಸ್ತಿ ಉಳಿಯಿತೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಬೆಟ್ಟದ ಮೇಲೆ ಉಳಿದ ಬೂದಿ ಮಾತ್ರ ಆಮೇಲೂ ಹಲವು ವರ್ಷ, ಪ್ರತಿ ಮಳೆಗಾಲದಲ್ಲಿ ಲಹಾರ್ ಆಗಿ ಕೆಳಗಿನ ಊರುಗಳಿಗೆ ಇಳಿಯುತ್ತಲೇ ಇತ್ತು.