ಬಹುರಾಷ್ಟ್ರೀಯ ಕಂಪನಿಯ ಮೇಲೆ ದಾವೆ: ನ್ಯಾಯ ಕೇಳುವುದು ಎಲ್ಲಿ?



ನಿಮ್ಮ ಊರಿನ ಒಬ್ಬ ವ್ಯಾಪಾರಿಯಿಂದ ನಿಮಗೆ ನಷ್ಟವಾದರೆ ತಾಲ್ಲೂಕು ಕೇಂದ್ರದ ನ್ಯಾಯಾಲಯಕ್ಕೆ ಹೋಗುತ್ತೀರಿ. ಅವನ ಅಂಗಡಿ ಅಲ್ಲಿದೆ, ಆಸ್ತಿ ಅಲ್ಲಿದೆ, ಸಾಕ್ಷಿಗಳೂ ಅಲ್ಲಿಯೇ ಇದ್ದಾರೆ. ಆದರೆ ಕಂಪನಿಯ ಕಚೇರಿ ಒಂದು ದೇಶದಲ್ಲಿ, ಕೆಲಸ ಇನ್ನೊಂದು ದೇಶದಲ್ಲಿ, ಆಸ್ತಿ ಹತ್ತಾರು ದೇಶಗಳಲ್ಲಿ ಹರಡಿದ್ದರೆ? ಆಗ ತಪ್ಪು ಯಾರದು ಎಂಬ ಪ್ರಶ್ನೆಗಿಂತ ಮೊದಲು, ಆ ತಪ್ಪನ್ನು ಎಲ್ಲಿ ವಿಚಾರಿಸಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಜನರಿಗೂ ಒಂದು ತೈಲ ಕಂಪನಿಗೂ ನಡೆದ ದೀರ್ಘ ವ್ಯಾಜ್ಯವನ್ನು ನೋಡಿದರೆ ಇದು ನಿಮಗೆ ಸ್ಪಷ್ಟವಾಗುತ್ತದೆ.

ಕಾಡಿನಲ್ಲಿ ಎಣ್ಣೆ

ಈಕ್ವೆಡಾರಿನ ಪೂರ್ವ ಭಾಗ ಅಮೆಜಾನ್ ಮಳೆಕಾಡಿಗೆ ಸೇರಿದ್ದು. ಕೊಫಾನ್, ಸಿಯೋನಾ, ಸೆಕೋಯಾ ಮುಂತಾದ ಮೂಲನಿವಾಸಿಗಳ ನೆಲೆ ಅದು. ಅಮೆರಿಕದ ಟೆಕ್ಸಾಕೊ ಕಂಪನಿ 1967ರಲ್ಲಿ ಅಲ್ಲಿ ತೈಲವನ್ನು ಕಂಡುಹಿಡಿಯಿತು. ಬಾವಿಯ ಸುತ್ತ ಬೆಳೆದ ಊರಿಗೆ ಲಾಗೊ ಆಗ್ರಿಯೊ ಎಂಬ ಹೆಸರು ಬಂತು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ಹುಳಿ ಕೆರೆ’. ಟೆಕ್ಸಾಕೊಗೆ ಆರಂಭದ ದಿನಗಳಲ್ಲಿ ಎಣ್ಣೆ ದೊರೆತ ಟೆಕ್ಸಾಸ್ ರಾಜ್ಯದ ಊರಿನ ಹೆಸರೂ ಅದೇ ಅರ್ಥದ್ದು!

1972ರಿಂದ ಪರ್ವತಗಳನ್ನು ದಾಟುವ ಕೊಳವೆಯ ಮೂಲಕ ತೈಲ ಸಮುದ್ರತೀರ ತಲುಪತೊಡಗಿತು. ಭೂಮಿಯೊಳಗಿನಿಂದ ಎಣ್ಣೆಯೊಂದಿಗೆ ಉಪ್ಪು ಮತ್ತು ಹಾನಿಕಾರಕ ವಸ್ತುಗಳು ಬೆರೆತ ನೀರೂ ಮೇಲೆ ಬರುತ್ತದೆ. ಈ ನೀರನ್ನು ಮತ್ತೆ ಆಳಕ್ಕೆ ಇಳಿಸುವ ಬದಲು ಹಳ್ಳಕೊಳ್ಳಗಳಿಗೆ ಬಿಡಲಾಯಿತು. ಉಳಿದ ತ್ಯಾಜ್ಯವನ್ನು ಒಳಗೋಡೆಯಿಲ್ಲದ ಗುಂಡಿಗಳಲ್ಲಿ ತುಂಬಲಾಯಿತು. ಅದೇ ಹಳ್ಳದ ನೀರನ್ನು ಜನ ಕುಡಿಯಲು, ಸ್ನಾನಕ್ಕೆ, ಮೀನುಗಾರಿಕೆಗೆ ಬಳಸುತ್ತಿದ್ದರು. ಟೆಕ್ಸಾಕೊ 1990ರವರೆಗೆ ಈ ಕ್ಷೇತ್ರಗಳನ್ನು ನಡೆಸಿತು, 1992ರಲ್ಲಿ ಪೂರ್ತಿ ಹೊರನಡೆಯಿತು. ಪಾಲುದಾರನಾಗಿದ್ದ ಈಕ್ವೆಡಾರಿನ ಸರ್ಕಾರಿ ತೈಲ ಕಂಪನಿ ಕೆಲಸವನ್ನು ಮುಂದುವರಿಸಿತು.

ಮೊದಲ ಬಾಗಿಲು: ನ್ಯೂಯಾರ್ಕ್

1993ರಲ್ಲಿ ಸುಮಾರು 30,000 ನಿವಾಸಿಗಳ ಪರವಾಗಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಕಂಪನಿಯ ಮುಖ್ಯ ನಿರ್ಧಾರಗಳು ಅಮೆರಿಕದಲ್ಲಿಯೇ ಆದವು ಎಂಬುದು ಅವರ ವಾದ. ಘಟನೆ ನಡೆದದ್ದು ಈಕ್ವೆಡಾರಿನಲ್ಲಿ, ಸಾಕ್ಷ್ಯವಿರುವುದೂ ಅಲ್ಲಿ, ಆದ್ದರಿಂದ ವಿಚಾರಣೆಯೂ ಅಲ್ಲಿಯೇ ನಡೆಯಲಿ ಎಂದು ಕಂಪನಿ ಹೇಳಿತು.

ಈ ವಾದ ನಮಗೆ ಹೊಸದಲ್ಲ. 1984ರ ಭೋಪಾಲ್ ಅನಿಲ ದುರಂತದ ನಂತರ ಯೂನಿಯನ್ ಕಾರ್ಬೈಡ್ ಇದೇ ನ್ಯಾಯಾಲಯದಲ್ಲಿ ಇದೇ ಮಾತನ್ನು ಹೇಳಿತ್ತು. 1986ರಲ್ಲಿ ಆ ಪ್ರಕರಣ ಭಾರತಕ್ಕೆ ಬಂತು. 1989ರಲ್ಲಿ 47 ಕೋಟಿ ಡಾಲರ್‌ಗಳಿಗೆ ಅದರ ಇತ್ಯರ್ಥವಾಯಿತು.

ಈಕ್ವೆಡಾರಿನವರ ದಾವೆಯೂ ಹಾಗೆಯೇ ಮರಳಿತು. ಮೇಲ್ಮನವಿಗಳೆಲ್ಲ ಮುಗಿದು 2002ರಲ್ಲಿ ನ್ಯೂಯಾರ್ಕಿನ ಬಾಗಿಲು ಮುಚ್ಚಿತು. ಗುಂಡಿಯೊಳಗೆ ಏನಿದೆ ಎಂದು ಯಾರೂ ನೋಡದೆಯೇ ಒಂಬತ್ತು ವರ್ಷ ಕಳೆದಿತ್ತು.

ಎರಡನೆಯ ಬಾಗಿಲು: ಲಾಗೊ ಆಗ್ರಿಯೊ

ಈ ನಡುವೆ, 2001ರಲ್ಲಿ, ಟೆಕ್ಸಾಕೊ ಶೆವ್ರಾನ್ ಕಂಪನಿಯಲ್ಲಿ ವಿಲೀನವಾಯಿತು. 2003ರಲ್ಲಿ ಲಾಗೊ ಆಗ್ರಿಯೊದಲ್ಲಿ ಶೆವ್ರಾನ್ ಮೇಲೆ ಹೊಸ ದಾವೆ ಆರಂಭವಾಯಿತು. ಕಂಪನಿಯ ಉತ್ತರ ಹೀಗಿತ್ತು: 1995ರ ಒಪ್ಪಂದದಂತೆ ನಾವು ಸುಮಾರು 4 ಕೋಟಿ ಡಾಲರ್ ವೆಚ್ಚದಲ್ಲಿ ನಮ್ಮ ಪಾಲಿನ ಶುದ್ಧೀಕರಣ ಮಾಡಿದ್ದೇವೆ, 1998ರಲ್ಲಿ ಈಕ್ವೆಡಾರ್ ಸರ್ಕಾರ ನಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡಿದೆ, ಉಳಿದದ್ದು ಸರ್ಕಾರಿ ಕಂಪನಿಯ ಜವಾಬ್ದಾರಿ. ಸರ್ಕಾರ ಸಹಿ ಹಾಕಿದ ಮಾತ್ರಕ್ಕೆ ನಮ್ಮ ಹಕ್ಕು ಹೋಗುವುದಿಲ್ಲ ಎಂದು ನಿವಾಸಿಗಳು ವಾದಿಸಿದರು.

2011ರ ಫೆಬ್ರವರಿಯಲ್ಲಿ ನ್ಯಾಯಾಲಯ ಕಂಪನಿಗೆ 800 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಬಹಿರಂಗ ಕ್ಷಮೆ ಕೇಳದಿದ್ದರೆ ಮೊತ್ತ ದ್ವಿಗುಣವಾಗುತ್ತದೆ ಎಂದೂ ಹೇಳಿತು. ಕಂಪನಿ ಕ್ಷಮೆ ಕೇಳಲಿಲ್ಲ. 2013ರಲ್ಲಿ ದೇಶದ ಉನ್ನತ ನ್ಯಾಯಾಲಯ ದಂಡದ ಭಾಗವನ್ನು ತೆಗೆದುಹಾಕಿ ಮೊತ್ತವನ್ನು ಸುಮಾರು 950 ಕೋಟಿ ಡಾಲರಿಗೆ ಇಳಿಸಿತು.

ತೀರ್ಪೇನೋ ಬಂತು, ಹಣ ಬರಲಿಲ್ಲ. ಈಕ್ವೆಡಾರಿನಲ್ಲಿ ಶೆವ್ರಾನ್‌ಗೆ ಹೇಳಿಕೊಳ್ಳುವಂಥ ಆಸ್ತಿಯೇ ಇರಲಿಲ್ಲ. ನಿವಾಸಿಗಳು ಕೆನಡಾದ ನ್ಯಾಯಾಲಯಗಳಿಗೆ ಹೋದರು. ಅಲ್ಲಿರುವ ಶೆವ್ರಾನ್ ಕೆನಡಾ ಕಾನೂನಿನ ಕಣ್ಣಿನಲ್ಲಿ ಬೇರೆಯೇ ವ್ಯಕ್ತಿ, ತಾಯಿ ಕಂಪನಿಯ ಸಾಲಕ್ಕೆ ಅದರ ಆಸ್ತಿಯನ್ನು ಮುಟ್ಟುವಂತಿಲ್ಲ ಎಂದು ಅಲ್ಲಿನ ನ್ಯಾಯಾಲಯಗಳು ಹೇಳಿದವು. 2019ರಲ್ಲಿ ಆ ದಾರಿಯೂ ಕೊನೆಗೊಂಡಿತು.

ತೀರ್ಪಿನ ಮೇಲೆಯೇ ಆಪಾದನೆ

2011ರಲ್ಲಿ ಶೆವ್ರಾನ್ ಈಗ ತಾನೇ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಯಿತು. ಲಾಗೊ ಆಗ್ರಿಯೊ ತೀರ್ಪು ವಂಚನೆಯಿಂದ ಪಡೆದದ್ದು ಎಂಬುದು ಅದರ ಆಪಾದನೆ. 2014ರಲ್ಲಿ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಇದನ್ನು ಒಪ್ಪಿದರು. ನಿವಾಸಿಗಳ ವಕೀಲರ ತಂಡ ಲಂಚದ ಆಸೆ ತೋರಿಸಿ ತೀರ್ಪನ್ನು ತಾನೇ ಬರೆಸಿತೆಂದು ಅವರು ತೀರ್ಮಾನಿಸಿದರು. ಪ್ರಮುಖ ಸಾಕ್ಷಿಯೊಬ್ಬರಿಗೆ ಶೆವ್ರಾನ್ ಹಣ ಕೊಟ್ಟಿದ್ದುದು ಟೀಕೆಗೆ ಗುರಿಯಾಯಿತಾದರೂ 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ತೀರ್ಮಾನವನ್ನು ಎತ್ತಿಹಿಡಿಯಿತು. ಇಲ್ಲಿ ಒಂದು ಅಂಶವನ್ನು ಗಮನಿಸಿ. ಕಾಡು ಕಲುಷಿತವಾಗಿಲ್ಲ ಎಂದು ಆ ನ್ಯಾಯಾಲಯ ಹೇಳಲಿಲ್ಲ. ಅದು ವಿಚಾರಿಸಿದ್ದು ತೀರ್ಪು ಬಂದ ದಾರಿಯನ್ನು ಮಾತ್ರ.

ಮೂರನೆಯ ಬಾಗಿಲು: ಮಧ್ಯಸ್ಥಿಕೆ

ಇಬ್ಬರ ಜಗಳವನ್ನು ಊರಿನ ಹಿರಿಯರು ಕುಳಿತು ತೀರ್ಮಾನಿಸುವ ಪಂಚಾಯ್ತಿಯನ್ನು ನೀವು ಬಲ್ಲಿರಿ. ಅಂತರರಾಷ್ಟ್ರೀಯ ಮಧ್ಯಸ್ಥಿಕೆಯೂ ಮೂಲತಃ ಅಂಥದ್ದೇ. ಸಾಮಾನ್ಯವಾಗಿ ಎರಡು ಕಡೆಯವರೂ ಒಬ್ಬೊಬ್ಬ ಪಂಚರನ್ನು ಆರಿಸುತ್ತಾರೆ, ಮೂರನೆಯವರು ಅಧ್ಯಕ್ಷರಾಗುತ್ತಾರೆ. ಅವರ ತೀರ್ಮಾನಕ್ಕೆ ಇಬ್ಬರೂ ಬದ್ಧರು. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತವೂ ಸೇರಿದಂತೆ 170ಕ್ಕೂ ಹೆಚ್ಚು ದೇಶಗಳು ಸೇರಿರುವುದರಿಂದ ಇಂಥ ತೀರ್ಮಾನವನ್ನು ಹಲವು ದೇಶಗಳಲ್ಲಿ ಜಾರಿಗೆ ತರಬಹುದು. ಒಂದು ದೇಶದ ನ್ಯಾಯಾಲಯದ ತೀರ್ಪಿಗೆ ಅಷ್ಟು ಸುಲಭದ ಸಂಚಾರವಿಲ್ಲ.

ಈ ಪಂಚಾಯ್ತಿಗೆ ಯಾರು ಹೋಗಬಹುದು? ಅದಕ್ಕೆ ಮುಂಚಿತವಾದ ಒಪ್ಪಿಗೆ ಬೇಕು. ಅಮೆರಿಕ ಮತ್ತು ಈಕ್ವೆಡಾರ್ 1993ರಲ್ಲಿ ಸಹಿ ಹಾಕಿದ ಹೂಡಿಕೆ ರಕ್ಷಣಾ ಒಪ್ಪಂದದಲ್ಲಿ ಅಂಥ ಒಪ್ಪಿಗೆಯಿತ್ತು. ಅದರ ಪ್ರಕಾರ ವಿದೇಶಿ ಹೂಡಿಕೆದಾರನು ಸರ್ಕಾರವನ್ನು ನೇರವಾಗಿ ಮಧ್ಯಸ್ಥಿಕೆಗೆ ಎಳೆಯಬಹುದು. ಶೆವ್ರಾನ್ 2009ರಲ್ಲಿ ಹಾಗೆಯೇ ಮಾಡಿತು. ಹೇಗ್ ನಗರದಲ್ಲಿರುವ, 1899ರ ಒಡಂಬಡಿಕೆಯಿಂದ ಹುಟ್ಟಿದ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಆಡಳಿತದಲ್ಲಿ ಈ ವಿಚಾರಣೆ ನಡೆಯಿತು. ಈಕ್ವೆಡಾರಿನ ನ್ಯಾಯಾಂಗವು ಕಂಪನಿಗೆ ನ್ಯಾಯ ನಿರಾಕರಿಸಿದೆ, ಆ ತೀರ್ಪು ಜಾರಿಯಾಗದಂತೆ ನೋಡಿಕೊಳ್ಳಬೇಕು ಎಂದು ಮಧ್ಯಸ್ಥರು 2018ರಲ್ಲಿ ಹೇಳಿದರು.

ಈ ಪ್ರಕರಣದಲ್ಲಿ ವಾದಿ ಕಂಪನಿ, ಪ್ರತಿವಾದಿ ಸರ್ಕಾರ. ಹಳ್ಳದ ನೀರು ಕುಡಿದವರು ಎರಡೂ ಅಲ್ಲ. ಒಪ್ಪಂದ ಅವರಿಗೆ ಅಲ್ಲಿ ಕಕ್ಷಿದಾರರ ಸ್ಥಾನ ಕೊಟ್ಟಿರಲಿಲ್ಲ.

ಮಧ್ಯಸ್ಥಿಕೆಯೇ ಕೆಟ್ಟದ್ದೇ?

ಹಾಗೆಂದು ಭಾವಿಸಬೇಡಿ. ನ್ಯಾಯಾಲಯ ವಿಳಂಬ ಮಾಡಿದಾಗ ಅಥವಾ ಪಕ್ಷಪಾತ ತೋರಿದಾಗ ಹೊರಗಿನವನಿಗೂ ಒಂದು ಆಸರೆ ಬೇಕು. ಭಾರತವೂ ಇದರ ಬಿಸಿಯನ್ನು ಅನುಭವಿಸಿದೆ. ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾದ ಕಂಪನಿ, ಕೋಲ್ ಇಂಡಿಯಾದೊಂದಿಗಿನ ವ್ಯಾಜ್ಯದಲ್ಲಿ ನಮ್ಮ ನ್ಯಾಯಾಲಯಗಳು ವರ್ಷಗಟ್ಟಲೆ ತಡಮಾಡಿದವೆಂದು ದೂರಿ 2011ರಲ್ಲಿ ಭಾರತದ ವಿರುದ್ಧ ಗೆದ್ದಿತು. ಆನಂತರ ಭಾರತ ತನ್ನ ಮಾದರಿ ಒಪ್ಪಂದವನ್ನೇ ಬದಲಿಸಿತು. ಹೂಡಿಕೆದಾರನು ಮೊದಲು ಇಲ್ಲಿನ ನ್ಯಾಯಾಲಯಗಳಲ್ಲಿ ಐದು ವರ್ಷ ಪ್ರಯತ್ನಿಸಬೇಕೆಂಬ ಷರತ್ತನ್ನು ಸೇರಿಸಿತು. ಈಕ್ವೆಡಾರ್ 2017ರಲ್ಲಿ ಇಂಥ ಒಪ್ಪಂದಗಳಿಂದಲೇ ಹೊರಬರಲು ನಿರ್ಧರಿಸಿತು.

ಲಾಗೊ ಆಗ್ರಿಯೊದ ಸಂಕಟಕ್ಕೆ ಹಲವರು ಕಾರಣರು. ಕಂಪನಿ ಸ್ಥಳದ ಪ್ರಶ್ನೆಯಲ್ಲೇ ವರ್ಷಗಳನ್ನು ಕಳೆಯಿತು. ಸರ್ಕಾರ ಜನರನ್ನು ಕೇಳದೆ ಬಿಡುಗಡೆ ಪತ್ರ ಕೊಟ್ಟಿತು. ನ್ಯೂಯಾರ್ಕ್ ತೀರ್ಪಿನ ಪ್ರಕಾರ, ಜನರ ಪರ ನಿಂತವರೇ ಅಡ್ಡದಾರಿ ಹಿಡಿದರು. ಹಾಗಾಗಿ ಅವರು ಗೆದ್ದ ತೀರ್ಪು ಕೈಗೆ ಬಂದರೂ ಉಪಯೋಗಕ್ಕೆ ಬರಲಿಲ್ಲ.

ಮುಂದೆ ನೀವು ಪತ್ರಿಕೆಯಲ್ಲಿ ದೊಡ್ಡ ಕಂಪನಿಯೊಂದರ ವ್ಯಾಜ್ಯದ ಸುದ್ದಿ ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ವಿಚಾರಣೆ ಎಲ್ಲಿ ನಡೆಯುತ್ತಿದೆ? ಅಲ್ಲಿ ಮಾತನಾಡುವ ಹಕ್ಕು ಯಾರಿಗಿದೆ? ತೀರ್ಪು ಬಂದರೆ ಅದನ್ನು ಜಾರಿಗೊಳಿಸಲು ಆಸ್ತಿ ಎಲ್ಲಿದೆ? ಇವುಗಳಿಗೆ ಉತ್ತರ ಹುಡುಕಿದರೆ ಆ ಸುದ್ದಿಯ ಅರ್ಧ ಭಾಗ ನಿಮಗೆ ತಿಳಿದಂತೆಯೇ. ಹಾನಿಗೆ ಒಳಗಾದವರ ಗತಿ ಏನಾಯಿತು ಎಂಬುದನ್ನು ಮಾತ್ರ ಕೇಳಲು ಮರೆಯಬೇಡಿ.